ಇತ್ತ್ ಅಂದರೆ ಇದೆ

ನನ್ನ ಅಮ್ಮ ತನ್ನ ಸಾವಿಗೆ ತಾನೇ ಎದ್ದು ನಿಂತು ಮೌನ ಆಚರಿಸಿದವಳು. ಹೀಗೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಮೊದಲಿನಿಂದಲೇ ಹೇಳಬೇಕು.

ನಮ್ಮ ಮನೆ ಸಾಸ್ತಾನದ ಪೇಟೆಯಿಂದ ಒಳಗೆ, ಗದ್ದೆ ಬದಿಯಲ್ಲಿ. ಅಪ್ಪಯ್ಯನಿಗೆ ಎರಡು ಬೆಳೆಯ ಗದ್ದೆಯಿತ್ತು, ತೆಂಗಿನ ತೋಟವಿತ್ತು, ಸಂಜೆಯಾದರೆ ಸಾರಾಯಿ ಅಂಗಡಿಯ ಬೆಂಚೂ ಇತ್ತು. ಕುಡಿದು ಬಂದರೆ ಅವರು ಗಲಾಟೆ ಮಾಡುತ್ತಿರಲಿಲ್ಲ, ಉಪದೇಶ ಮಾಡುತ್ತಿದ್ದರು. ಮನೆಯವರು ಮಲಗಿದರೆ ಹಟ್ಟಿಗೆ ಹೋಗಿ ಎಮ್ಮೆಗೆ ಸಂಸಾರ ಸಾರ ಬೋಧಿಸುತ್ತಿದ್ದರು. ಎಮ್ಮೆ ಹಾಲು ಕಡಿಮೆ ಮಾಡಿತು. ಒಂದು ದಿನ ಅಮ್ಮ, "ಸಾರಾಯಿ ಬೇಕಾ, ನಾನ್ ಬೇಕಾ?" ಎಂದು ಕೇಳಿದಳು. ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿದರು. ಉತ್ತರ ಏನೇ ಇದ್ದಿರಲಿ, ಆ ಯೋಚಿಸಿದ್ದನ್ನು ಅಮ್ಮನಿಗೆ ತಡೆದುಕೊಳ್ಳಲು ಆಗಲಿಲ್ಲ.

ಹಾಗೆ ಅಪ್ಪಯ್ಯ ಕುಡಿತ ಬಿಡಿಸುವ ಶಿಬಿರಕ್ಕೆ ಹೋದರು. ಪ್ಯಾಕೆಟ್ ಸಾರಾಯಿ ಇನ್ನೂ ನಿಂತಿರದ ಕಾಲ ಅದು. ಶಿಬಿರ ನಡೆದದ್ದು ಕಿರಿಮಂಜೇಶ್ವರದ ಹತ್ತಿರದ ಒಂದು ಮದುವೆ ಹಾಲಿನಲ್ಲಿ. ಆಷಾಢದಲ್ಲಿ ಮದುವೆಯಿಲ್ಲ, ಹಾಲ್ ಖಾಲಿ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಕಡಲಿನವರೂ ಖಾಲಿ. ಕುಡಿತ ಬಿಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ಅಪ್ಪಯ್ಯ ಹಿಂದಿನ ಬಾಗಿಲಿನಿಂದ ಓಡಿ ಹೋಗದಂತೆ ಕಾಯಲು ಅಮ್ಮ ನನ್ನನ್ನೂ ಜೊತೆಗೆ ಕಳಿಸಿದಳು. ನಾನಾಗ ಐಚ್ಛಿಕ ಕನ್ನಡದಲ್ಲಿ ಬಿ.ಎ. ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿದರೆ ಸಿಟ್ಟಾಗುವ ಕೆಲಸ ಮಾಡಿಕೊಂಡಿದ್ದೆ.

ಶಿಬಿರ ನಡೆಸುತ್ತಿದ್ದವರು ಮೈಸೂರು ಕಡೆಯವರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಬಹಳ ಒಳ್ಳೆಯ ಮನುಷ್ಯ. ಒಬ್ಬನ ಕಥೆಯನ್ನು ಇನ್ನೊಬ್ಬ ಕೂತು ಕೇಳಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ ಎಂಬುದು ಅವರ ನಂಬಿಕೆ. ತೊಂದರೆ ಒಂದೇ: ನಮ್ಮವರು ಹೇಳುವ ಕಥೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಕುಂದಾಪ್ರ ಕನ್ನಡವೂ ಕನ್ನಡವೇ ಎಂದುಕೊಂಡು ಅವರು ಧೈರ್ಯವಾಗಿ ಬಂದುಬಿಟ್ಟಿದ್ದರು.

ಮೊದಲ ದಿನ ಒಬ್ಬೊಬ್ಬರನ್ನೇ ಕರೆದು ಏನು ತೊಂದರೆ ಎಂದು ವಿಚಾರಿಸಿದರು. ಮೊದಲನೆಯವ, "ಮಂಡಿ ಸಮ ಇಲ್ಲೆ, ಸರ್" ಎಂದ. ಎರಡನೆಯವ, "ಮಂಡಿಬಿಸಿ, ಸರ್" ಎಂದ. ಮೂರನೆಯವನಿಗೆ ಬೆಳಿಗ್ಗೆ ಎದ್ದರೆ ಮಂಡಿಯೊಳಗೆ ಗುಂಯ್ ಎನ್ನುತ್ತಿತ್ತು. ನಮ್ಮಲ್ಲಿ ಮಂಡಿ ಎಂದರೆ ತಲೆ. ಮೈಸೂರಿನಲ್ಲಿ ಮೊಣಕಾಲು. ಕಡಲತೀರದ ಕುಡುಕರಿಗೆಲ್ಲ ಕಾಲೇ ಮೊದಲು ಹೋಗುತ್ತದೆ ಎಂದು ಸರ್ ಕನಿಕರಪಟ್ಟು, ಮರುದಿನ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಣಕಾಲಿನ ವ್ಯಾಯಾಮ ಮಾಡಿಸಿದರು. ಬ್ರಹ್ಮಾವರದ ಒಬ್ಬ ಅಜ್ಜ ಗೋಡೆ ಹಿಡಿದುಕೊಂಡು ಒಂದು ಕಾಲೆತ್ತಿ, "ಕಾಲ್ ಎತ್ತಿರೆ ಮಂಡಿ ಸಮ ಆತ್ತಂಬ್ರ್. ಓದಿದವ್ರ್ ಹೇಳಿರ್ ಅಂದ್ಮೇಲೆ ಹೌದಾಯ್ಕ್" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಸರ್ ಯಾಕಮ್ಮ ಎಂದು ಕೇಳಿದರು, ಹೇಳಿದೆ. ಅವರು ನಾಚಿಕೆಯಿಂದ ತಮ್ಮ ಮಂಡಿಯನ್ನು, ಅಂದರೆ ನಮ್ಮ ಕಡೆಯ ಮಂಡಿಯನ್ನು, ಕೆರೆದುಕೊಂಡು ಅಲ್ಲೇ ನನ್ನನ್ನು ಕನ್ನಡದಿಂದ ಕನ್ನಡಕ್ಕೆ ಅನುವಾದಕಿಯಾಗಿ ನೇಮಿಸಿದರು. ನನ್ನ ಬಾಳಿನ ಮೊದಲ ಉದ್ಯೋಗ, ಸಂಬಳ ಮಧ್ಯಾಹ್ನದ ಊಟ.

ಊಟದ ವಿಷಯದಲ್ಲೇ ಅಪ್ಪಯ್ಯನ ಮೊದಲ ತಕರಾರು ಬಂತು. ಕಡಲಿನವರ ಪಂಕ್ತಿಯಲ್ಲಿ ತಾನು ಕೂರುವುದಿಲ್ಲ, ಬೇರೆ ಬೆಂಚು ಬೇಕು. ಇದರ ಹಿನ್ನೆಲೆ ಹೇಳದಿದ್ದರೆ ಅಪ್ಪಯ್ಯನಿಗೆ ಅನ್ಯಾಯವಾಗುತ್ತದೆ, ಹೇಳಿದರೆ ಇನ್ನೂ ಅನ್ಯಾಯವಾಗುತ್ತದೆ. ನಮ್ಮ ಮನೆಯಲ್ಲಿ ಮೀನಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಮೀನು ತರುವ ಹೆಂಗಸು ಅಂಗಳದ ತೆಂಗಿನ ಬುಡದಲ್ಲೇ ನಿಲ್ಲಬೇಕು. ಬಾಯಾರಿಕೆ ಎಂದರೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಮೀನು ಅಡುಗೆಮನೆಯವರೆಗೆ ಹೋಗುತ್ತಿತ್ತು, ಮೀನಿನವರು ಜಗಲಿಯವರೆಗೂ ಬರುವಂತಿರಲಿಲ್ಲ. ಇಡೀ ಊರೇ ಹಾಗಿತ್ತು. ಸಾರಾಯಿ ಅಂಗಡಿಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಬೆಂಚು. ಕುಡಿಯಲು ಒಟ್ಟಿಗೆ ಕೂರುತ್ತಿದ್ದ ಅಪ್ಪಯ್ಯ ಬಿಡಲು ಬಂದ ಜಾಗದಲ್ಲಿ ಬೇರೆ ಬೆಂಚು ಕೇಳಿದರು.

"ಮೀನ್ ವಾಸ್ನಿ ತಡುಕಾತಿಲ್ಲೆ," ಎಂದರು.

ಎದುರು ಸಾಲಿನಲ್ಲಿ ಕೂತಿದ್ದ ಒಬ್ಬ ದೋಣಿಯವರು, ಅಪ್ಪಯ್ಯನದೇ ಪ್ರಾಯದವರು, ಅನ್ನ ಕಲಸುವುದನ್ನು ನಿಲ್ಲಿಸದೆ ಹೇಳಿದರು: "ಒಡೇರೆ, ಮಳಿಗಾಲ್ದಲ್ಲ್ ನಮ್ಗೆ ಮೀನೆಲ್ಲಿತ್ತ್? ಅದ್ ನೀವ್ ತಿಂದ್ಕಂಡ್ ಬಂದ್ ಒಣ್ಮೀನ್ ಚಟ್ನಿ ವಾಸ್ನಿ."

ಅಪ್ಪಯ್ಯ ಬಾಯಿ ಮುಚ್ಚಿಕೊಂಡರು. ವಾಸನೆ ನಿಂತಿತೋ ಇಲ್ಲವೋ ಗೊತ್ತಿಲ್ಲ. ಬೇರೆ ಬೆಂಚಂತೂ ಸಿಗಲಿಲ್ಲ. ಸಿಟ್ಟಿಗೆ ಅವರು ಗದ್ದೆ ನಾಟಿಯ ನೆಪದಲ್ಲಿ ಸರ್ ಹತ್ತಿರ ರಜೆ ಕೇಳಲು ಹೋಗಿ, "ಮನಿಯಲ್ಲ್ ನಟ್ಟಿ ಇತ್ತ್, ಸರ್" ಎಂದರು. ಸರ್ ನಗುತ್ತ, "ಬಹಳ ಸಂತೋಷ. ಅದೊಂದು ಚಿಂತೆ ಕಳೆಯಿತಲ್ಲ, ಇನ್ನು ನೆಮ್ಮದಿಯಾಗಿ ಇಲ್ಲೇ ಇರಿ" ಎಂದು ಬೆನ್ನು ತಟ್ಟಿ ಕಳಿಸಿದರು. ಇಂಥ ಕಲ್ಲೆದೆಯ ಮನುಷ್ಯನನ್ನು ನಾನು ಕಂಡೇ ಇಲ್ಲ ಎಂದು ಅಪ್ಪಯ್ಯ ಇಡೀ ಸಂಜೆ ಗೊಣಗಿದರು.

ಆ ದೋಣಿಯವರ ಹೆಂಡತಿ ಶಿಬಿರದ ಅಡುಗೆಗೆ ಬರುತ್ತಿದ್ದರು. ನನ್ನನ್ನು ಕಾಯಿ ತುರಿಯಲು ಕೂರಿಸಿ ಎಲ್ಲವನ್ನೂ ಹೇಳಿದರು. ಎರಡು ವರ್ಷದ ಹಿಂದೆ ಅಳಿವೆ ಬಾಯಲ್ಲಿ ದೋಣಿ ಮಗುಚಿತ್ತು. ಉಳಿದವರು ಈಜಿ ದಡಕ್ಕೆ ಬಂದರು, ಇವರ ಮಗ ಬರಲಿಲ್ಲ. ದೇಹವೂ ಸಿಗಲಿಲ್ಲ. ಗಂಡ ಅಂದಿನಿಂದ ಕುಡಿಯುತ್ತಿದ್ದರು, ಮಗನ ಬೊಜ್ಜ ಮಾಡಲು ಬಿಡುತ್ತಿರಲಿಲ್ಲ. ಬೊಜ್ಜ ಎಂದರೆ ಸತ್ತವರಿಗೆ ಮಾಡುವ ಕೊನೆಯ ಕಾರ್ಯ, ಊರೂಟ. ಅದಾಗದೆ ಆ ತಾಯಿಗೆ ಅಳಲೂ ಅಧಿಕಾರವಿರಲಿಲ್ಲ. ಅತ್ತರೆ, ಬದುಕಿರುವವನಿಗೆ ಯಾಕೆ ಅಳುತ್ತೀ ಎಂದು ಗಂಡ ಬೈಯುತ್ತಿದ್ದರು.

"ತಂಗಿ, ಕುಡ್ತ ಬಿಡುದ್ ಆಮೇಲಿನ್ ಮಾತ್," ಎಂದರು. "ಅವ್ರ್ ಬಾಯಲ್ಲ್ 'ಇದ್ದಿದ' ಅಂಬ ಒಂದ್ ಶಬ್ದ ಬಂದ್ರೆ ಸಾಕ್. ಬರುದಿಲ್ಲೆ. ಹಂಗಂದ್ರೆ ಮಗನ್ನ ನಾನೇ ಮುಳ್ಗ್ಸಿದಂಗೆ ಆತ್ತ್ ಅಂತ್ರ್."

ಇಲ್ಲಿ ಘಟ್ಟದ ಮೇಲಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಿಮ್ಮ ಕನ್ನಡದಲ್ಲಿ 'ಇದ್ದ' ಎಂದರೆ ಮುಗಿದುಹೋದ ಮಾತು. ನಮ್ಮಲ್ಲಿ 'ಮಗ ಇದ್ದ' ಎಂದರೆ ಮಗ ಇದ್ದಾನೆ, ಬೇಕಾದರೆ ಕರೆಯುತ್ತೇನೆ. ಇಲ್ಲದವನಿಗೆ 'ಇದ್ದಿದ' ಅನ್ನಬೇಕು. ಹಾಗೆಯೇ 'ಇತ್ತ್' ಎಂದರೆ ಇದೆ, 'ಇದ್ದಿತ್' ಎಂದರೆ ಮೊದಲು ಇತ್ತು. ಒಂದು 'ದಿ' ನಡುವೆ ಬಂದು ಕೂತರೆ ಮನುಷ್ಯ ಹೋದ. ಅಪ್ಪಯ್ಯನ ನಟ್ಟಿ ಹೇಗೆ ಮುಗಿಯಿತು ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಕಥೆ ಹೇಳುವ ಕಾರ್ಯಕ್ರಮ ವೇದಿಕೆಯ ಮೇಲೆ. ಹಾಲಿನಲ್ಲಿ ಬೆಂಚುಗಳ ಹೊರತು ಇದ್ದ ಒಂದೇ ಒಂದು ಆಸನವೆಂದರೆ ವಧೂವರರ ಕೆಂಪು ಮಖಮಲ್ಲಿನ ಸಿಂಹಾಸನ. ಅದರ ಹಿಂದೆ ಥರ್ಮೋಕೋಲಿನ 'ಶುಭ ವಿವಾಹ', ಅದರಲ್ಲೂ 'ವಿ' ಉದುರಿಹೋಗಿ 'ಶುಭ ವಾಹ' ಆಗಿತ್ತು. ಹೇಳುವವನೊಬ್ಬ, ಪಕ್ಕದಲ್ಲಿ ಕೂತು ಕೇಳುವವನೊಬ್ಬ, ಹೀಗೆ ಜೋಡಿ ಮಾಡಿದ್ದು ಸರ್. ಅಪ್ಪಯ್ಯನಿಗೆ ಜೋಡಿಯಾಗಿ ಬಿದ್ದದ್ದು ಅದೇ ದೋಣಿಯವರು. ಸಿಂಹಾಸನ ಹತ್ತಿದ ಅಪ್ಪಯ್ಯ ಹೆಗಲ ಮೇಲಿನ ಬೈರಾಸನ್ನು ತೆಗೆದು, ಉದ್ದಕ್ಕೆ ಮಡಚಿ, ಇಬ್ಬರ ನಡುವೆ ಗಡಿಯಂತೆ ಹಾಸಿದರು. ದೋಣಿಯವರು ಅದನ್ನು ನೋಡಿ, "ಧಾರೆ ಎರುಕ್ ಮುಂಚೆ ಅಂತಃಪಟ ಹಿಡುದ್ ಸಮವೇ" ಎಂದರು. ಕೆಳಗೆ ಕೂತವರೆಲ್ಲ ನಕ್ಕರು. ಅಪ್ಪಯ್ಯನ ಮುಖ ಮಖಮಲ್ಲಿನ ಬಣ್ಣಕ್ಕೆ ತಿರುಗಿತು.

ಮೊದಲು ದೋಣಿಯವರ ಸರದಿ. ಅವರು ಎದುರಿನ ಗೋಡೆಯನ್ನು ನೋಡುತ್ತ ಹೇಳಿದರು: "ನಂಗೊಬ್ಬ ಮಗ ಇದ್ದ, ಸರ್. ಒಳ್ಳೆ ಈಜ್ತ. ದೋಣಿ ಮಗ್ಚಿತ್, ಉಳ್ದವ್ರ್ ಬಂದ್ರ್. ಇವ ಎಲ್ಲೋ ದೂರ ಈಜ್ಕಂಡ್ ಹೋಯಿದ. ಬತ್ತ."

ಸರ್ 'ಇದ್ದ' ಎಂಬುದನ್ನು ಕೇಳುತ್ತಲೇ ಕಣ್ಣು ಮುಚ್ಚಿದ್ದರು. ಎದ್ದು ಹೋಗಿ ದೋಣಿಯವರ ಭುಜದ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, "ಕೊನೆಯಲ್ಲಿ ಭತ್ತ ಎಂದರಲ್ಲಮ್ಮ, ಇವರಿಗೆ ಬೇಸಾಯವೂ ಇತ್ತೇ?" ಎಂದು ಕೇಳಿದರು. ಬತ್ತ ಎಂದರೆ ಬರುತ್ತಾನೆ ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಸೌಟು ಹಿಡಿದು ನಿಂತಿದ್ದರು. ನಾನು ಹೌದು ಸರ್, ಸ್ವಲ್ಪ ಇತ್ತು ಎಂದುಬಿಟ್ಟೆ. ಕಡಲಿನವರಿಗೆ ಗದ್ದೆ ಕೊಟ್ಟ ಮೊದಲ ಅನುವಾದಕಿ ನಾನೇ ಇರಬೇಕು.

ಆ ಮಧ್ಯಾಹ್ನ ಅಪ್ಪಯ್ಯ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಕೈ ತೊಳೆಯುವಲ್ಲಿ ನನ್ನ ಹತ್ತಿರ, "ಬತ್ತ ಅಂದ್ರ್ ಕಾಣ್" ಎಂದರು. ಅಷ್ಟೇ. ಬೈರಾಸಿನ ಗಡಿಯಂತೂ ಮರುದಿನವೂ ಇತ್ತು.

ಮರುದಿನ ಅಪ್ಪಯ್ಯನ ಸರದಿ. ನಾನು ಅನುವಾದಕ್ಕೆ ಅಲ್ಲೇ ಇರಬೇಕಿತ್ತು, ಆದರೆ ಕಾಯಿ ತುರಿಯುವ ಕೆಲಸ ಮುಗಿದಿರಲಿಲ್ಲ. ನಮ್ಮಪ್ಪಯ್ಯನ ಕಥೆಯಲ್ಲಿ ಅರ್ಥವಾಗದ್ದು ಏನಿರುತ್ತದೆ ಎಂದು ಅಡುಗೆಮನೆಯಲ್ಲೇ ಉಳಿದೆ. ಅವರು ಹೇಳಿದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ: "ನಂಗೆ ಎಂತದ್ ಕಮ್ಮಿ, ಸರ್? ಗದ್ದೆ ಇತ್ತ್. ತೋಟ ಇತ್ತ್. ಎಮ್ಮಿ ಇತ್ತ್. ಚಿನ್ನದಂಥ ಹೆಣ್ತಿ ಇತ್ತ್. ಆದ್ರೂ ಕುಡಿತೆ. ಎಂತಕ್ ಅಂದ್ ನಂಗೇ ಗೊತ್ತಿಲ್ಲೆ."

ನಮ್ಮ ಕಡೆ ಹೆಂಡತಿಯನ್ನೂ ಎಮ್ಮೆಯನ್ನೂ ಒಂದೇ ಕ್ರಿಯಾಪದದಲ್ಲಿ ಸೇರಿಸುವುದು ರೂಢಿ, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಸರ್ ಕೇಳಿಸಿಕೊಂಡದ್ದೇ ಬೇರೆ. ಗದ್ದೆ ಹೋಯಿತು, ತೋಟ ಹೋಯಿತು, ಎಮ್ಮೆ ಸತ್ತಿತು, ಕೊನೆಗೆ ಚಿನ್ನದಂಥ ಹೆಂಡತಿಯೂ ತೀರಿಕೊಂಡಳು. ಇಷ್ಟಾದ ಮೇಲೆ ಮನುಷ್ಯ ಕುಡಿಯದೆ ಏನು ಮಾಡಬೇಕು. ಅವರ ಕಣ್ಣಲ್ಲಿ ನೀರು ಬಂತಂತೆ. "ಎಲ್ಲರೂ ಎದ್ದು ನಿಲ್ಲಿ, ಆ ತಾಯಿಗಾಗಿ ಒಂದು ನಿಮಿಷ ಮೌನ" ಎಂದರು.

ನಾನು ಕೈ ಒರೆಸಿಕೊಂಡು ಹೊರಗೆ ಬಂದಾಗ ಇಡೀ ಹಾಲ್ ತಲೆ ತಗ್ಗಿಸಿ ನಿಂತಿತ್ತು. ಯಾರೋ ದೊಡ್ಡ ಮಂತ್ರಿ ಹೋಗಿರಬೇಕು ಎಂದು ನಾನೂ ನಿಂತೆ. ಸರಿಯಾಗಿ ಆಗಲೇ ಬಸ್ಸಿಳಿದು, ಕೊಡೆ ಮಡಚಿಕೊಂಡು, ಹಲಸಿನ ಹಣ್ಣಿನ ಕಡುಬಿನ ದೊಡ್ಡ ಸ್ಟೀಲ್ ಡಬ್ಬಿ ಹೊತ್ತು ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಎಲ್ಲರೂ ನಿಂತದ್ದನ್ನು ಕಂಡು ಅವಳೂ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನನ್ನ ಪಕ್ಕ ನಿಂತಳು.

"ಯಾರ್ ಹೋದದ್ದ್?" ಎಂದು ಪಿಸುಗುಟ್ಟಿದಳು.

"ಗೊತ್ತಿಲ್ಲೆ," ಎಂದೆ.

"ಪಾಪ," ಎಂದಳು ಅಮ್ಮ, ಮತ್ತು ಕಣ್ಣು ಮುಚ್ಚಿಕೊಂಡಳು.

ಮೌನ ಮುಗಿಯಿತು. ಸರ್ ಹೊಸಬರನ್ನು ನೋಡಿ, ಇವರು ಯಾರು ಎಂದು ಕೇಳಿದರು. ನನ್ನ ಅಮ್ಮ ಎಂದೆ. ಸರ್ ಒಮ್ಮೆ ಅಪ್ಪಯ್ಯನನ್ನು, ಒಮ್ಮೆ ಅಮ್ಮನನ್ನು ನೋಡಿ, ಬಹಳ ಸಂಕೋಚದಿಂದ, "ಅಂದರೆ, ಎರಡನೆಯವರೇ?" ಎಂದರು.

ಅಮ್ಮ ಡಬ್ಬಿಯನ್ನು ಕೆಳಗಿಟ್ಟು ಅಪ್ಪಯ್ಯನ ಕಡೆ ತಿರುಗಿದಳು. "ಎರಡ್ನೇದ್ ನಾನಾರೆ, ಮೊದ್ಲ್ನೇದ್ ಯಾರ್?"

"ನಾನ್ ಎಂತದೂ ಹೇಳ್ಲಿಲ್ಲೆ ಮಾರಾಯ್ತಿ," ಎಂದರು ಅಪ್ಪಯ್ಯ. "ಹೆಣ್ತಿ ಇತ್ತ್ ಅಂದೆ. ಇವ್ರ್ ಎಲ್ರನ್ನೂ ಎಬ್ಸಿ ನಿಲ್ಸಿರ್. ಹೆಣ್ತಿ ಇದ್ದವ್ರಿಗೆ ಮೈಸೂರಲ್ಲ್ ಹಿಂಗೆ ಮರ್ಯಾದಿ ಕೊಡ್ತ್ರೇನೋ ಅಂದೇಳಿ ನಾನೂ ನಿಂತೆ."

ನನಗೆ ಆಗ ಹೊಳೆಯಿತು. ಸರ್‌ಗೆ ಬಿಡಿಸಿ ಹೇಳಿದೆ: ಇತ್ತ್ ಅಂದರೆ ಇದೆ ಸರ್, ಅಮ್ಮ ಇದ್ದಾಳೆ, ಎಮ್ಮೆಯೂ ಇದೆ. ಸರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಪ್ಪಯ್ಯ, ಹಾಗಾದರೆ ನಟ್ಟಿಯೂ ಇನ್ನೂ ಉಂಟು ಎಂದು ಈ ಗಲಾಟೆಯಲ್ಲೇ ರಜೆಯ ಅರ್ಜಿ ಮತ್ತೆ ಹಾಕಿದರು. ಅಷ್ಟರಲ್ಲಿ ಸಿಂಹಾಸನದಿಂದ ಒಂದು ಸದ್ದು ಬಂತು. ದೋಣಿಯವರು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಾಲು ನೆಲಕ್ಕೆ ಬಡಿದು ನಗುತ್ತಿದ್ದರು. ಆ ನಗು ಕೇಳಿ ಅವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದರು. ಎರಡು ವರ್ಷದಿಂದ ಕೇಳದ ಸದ್ದು ಅದು, ಏನೋ ಆಗಿದೆ ಎಂದು ಅವರು ಹೆದರಿದ್ದರು.

ನಗು ಒಮ್ಮೆಗೇ ನಿಂತಿತು. ದೋಣಿಯವರು ನನ್ನನ್ನು ಕರೆದರು.

"ತ್ವಾ, ತಂಗಿ. ಇವ್ರ್ ಕನ್ನಡ್ದಲ್ಲ್ ಇತ್ತ್ ಅಂದ್ರೆ ಇಲ್ಲೆ ಅಂತಾದ್ರೆ, ಇದ್ದ ಅಂದ್ರೆ ಎಂತ?"

ನನಗೆ ಆ ಪ್ರಶ್ನೆ ಬೇಡವಾಗಿತ್ತು. ಅಮ್ಮನ ಕಡೆ ನೋಡಿದೆ, ಅವಳಿಗೆ ಏನೂ ಗೊತ್ತಿರಲಿಲ್ಲ. ಅವರ ಹೆಂಡತಿಯ ಕಡೆ ನೋಡಿದೆ. ಅವರು ಹೇಳು ಎಂಬಂತೆ ತಲೆಯಾಡಿಸಿದರು.

"ಮೊದ್ಲ್ ಇದ್ದಿದ, ಈಗ ಇಲ್ಲೆ ಅಂದೇಳಿ," ಎಂದೆ.

"ನಾ ನಿನ್ನೆ ಹೇಳದ್ದೂ ಸರ್‌ಗೆ ಹಂಗೇ ಕೇಣ್ತಾ?"

"ಹ್ಞೂಂ."

"ಹಂಗಾರೆ ನಿನ್ನೆಯೇ ಹೇಳಿ ಆಯ್ತ್," ಎಂದರು. "ಹೇಳಿಯೂ ನಾನ್ ಉಂಡೆ. ಮನ್ಕಂಡೆ." ಆಮೇಲೆ ಹೆಂಡತಿಯ ಕಡೆ ತಿರುಗಿ, ಬಹಳ ಸಣ್ಣ ಸ್ವರದಲ್ಲಿ, ನಮ್ಮ ಕನ್ನಡದಲ್ಲಿ ಹೇಳಿದರು: "ನಮ್ಗೊಬ್ಬ ಮಗ ಇದ್ದಿದ."

ಅವರ ಹೆಂಡತಿ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತರು. ದೋಣಿಯವರೂ ಅತ್ತರು. ನನಗೂ ಅಳು ಬಂತು, ತಡೆಯಲಿಲ್ಲ. ಅಪ್ಪಯ್ಯ ಏನು ಮಾಡಬೇಕೆಂದು ತಿಳಿಯದೆ ಆಚೀಚೆ ನೋಡಿ, ನಡುವೆ ಹಾಸಿದ್ದ ಬೈರಾಸನ್ನು ತೆಗೆದು ಅವರ ಕೈಗೆ ಕೊಟ್ಟರು. ಅವರು ಅದರಲ್ಲೇ ಮುಖ ಒರೆಸಿದರು, ಮೂಗನ್ನೂ ಒರೆಸಿದರು. ಅಪ್ಪಯ್ಯ ಹತ್ತಿರ ಸರಿದು ಕೂತರು.

"ಏನೆಂದರು?" ಎಂದು ಸರ್ ನನ್ನನ್ನು ಕೇಳಿದರು.

ಅವರ ಕನ್ನಡಕ್ಕೆ ತಿರುಗಿಸಲು ಹೋದರೆ ಅದು ಮತ್ತೆ 'ಒಬ್ಬ ಮಗ ಇದ್ದ' ಎಂದೇ ಆಗುತ್ತಿತ್ತು. "ನಿನ್ನೆ ಹೇಳಿದ್ದನ್ನೇ ಹೇಳಿದರು ಸರ್," ಎಂದೆ.

ಅಮ್ಮನಿಗೆ ಕಥೆಯೆಲ್ಲ ಅರ್ಥವಾದದ್ದು ಅರ್ಧ ಗಂಟೆಯ ನಂತರ. ಅವಳು ಡಬ್ಬಿ ತೆರೆದು, "ನನ್ನ ಬೊಜ್ಜದ ಕಡುಬ್, ತಿನ್ನಿ" ಎಂದು ಎಲ್ಲರಿಗೂ ಹಂಚಿದಳು. ಬೇರೆ ಬೆಂಚು ಕೇಳಲು ಯಾರಿಗೂ ನೆನಪಾಗಲಿಲ್ಲ.

ಆಷಾಢ ಮುಗಿಯುವುದರೊಳಗೆ ಆ ಹುಡುಗನ ಬೊಜ್ಜವೂ ಆಯಿತು. ಅಪ್ಪಯ್ಯ, ಅಮ್ಮ, ನಾನು ಹೋದೆವು, ಅವರ ಪಂಕ್ತಿಯಲ್ಲೇ ಕೂತು ಉಂಡೆವು. ಊರಲ್ಲಿ ದೊಡ್ಡಪ್ಪ ಅದಕ್ಕೆ ಆಕ್ಷೇಪ ಎತ್ತಿದಾಗ ಅಪ್ಪಯ್ಯ, "ಅವ್ರ್ ಹಿಡ್ದ್ ಮೀನ್ ಹೊಟ್ಟಿಗ್ ಹೋತ್ತ್, ಅವ್ರ್ ಬಡ್ಸಿದ್ ಅನ್ನ ಹೋತಿಲ್ಯಾ?" ಎಂದರು. ದೊಡ್ಡಪ್ಪ ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿದೆ, ಹುಡುಕಿ ಹೇಳುತ್ತೇನೆ ಎಂದಿದ್ದರು. ಇನ್ನೂ ಹೇಳಿಲ್ಲ.

ಅಪ್ಪಯ್ಯ ಆಮೇಲೆ ಕುಡಿಯಲೇ ಇಲ್ಲ ಎಂದು ಬರೆದರೆ ಚೆಂದವಿತ್ತು. ದೀಪಾವಳಿಗೆ ಕುಡಿದರು, ಮತ್ತೆ ಬಿಟ್ಟರು, ದೊಡ್ಡಪ್ಪನ ಮಗಳ ಮದುವೆಗೆ ಕುಡಿದರು, ಮತ್ತೆ ಬಿಟ್ಟರು. ಬಾಯಿ ತೀರಾ ಒಣಗಿದಾಗ ದೋಣಿಯವರ ಪಕ್ಕದ ಮನೆಗೆ ಫೋನ್ ಮಾಡಿ ಅವರನ್ನು ಕರೆಸಿ, ಬೂತಾಯಿ ಮೀನು ರುಚಿಯೋ ಬಂಗಡೆ ರುಚಿಯೋ ಎಂದು ಜಗಳ ತೆಗೆಯುತ್ತಿದ್ದರು. ಜಗಳ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು. ಒಂದೆರಡು ವಾರಕ್ಕೊಮ್ಮೆ ದೋಣಿಯವರು ಮೀನು ತೆಗೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಸಲ ಅಭ್ಯಾಸಬಲದಿಂದ ತೆಂಗಿನ ಬುಡದಲ್ಲೇ ನಿಂತರು. ಅಪ್ಪಯ್ಯ ಕೈ ಹಿಡಿದು ಜಗಲಿಗೆ ಕರೆತಂದು, "ನನ್ನ ಬೈರಾಸ್ ಎಲ್ಲಿ?" ಎಂದು ಕೇಳಿದರು. ಆಮೇಲೆ ಒಡೇರೆ ಎಂಬ ಮಾತೂ ಹೋಯಿತು. ಅಂಗಳಕ್ಕೆ ಕಾಲಿಡುತ್ತಲೇ "ಹ್ವಾಯ್, ಇದ್ರ್ಯಾ?" ಎಂದು ಕೂಗುತ್ತಿದ್ದರು, ಒಳಗಿನಿಂದ ಅಪ್ಪಯ್ಯ, "ಇದ್ದೆ, ಬನಿ" ಎನ್ನುತ್ತಿದ್ದರು.

ಸಾಸ್ತಾನದಲ್ಲಿ ಟೋಲ್ ಬಂದ ಮೇಲೆ, ಒಂದು ಬೇಸಿಗೆಯಲ್ಲಿ ಅಪ್ಪಯ್ಯ ಹೋದರು. ಕುಡಿತದಿಂದಲ್ಲ, ಎದೆನೋವಿನಿಂದ. ಬೊಜ್ಜದ ದಿನ ಬಡಿಸಲು ನಿಂತವರಲ್ಲಿ ದೋಣಿಯವರೂ ಇದ್ದರು. ಅದಾಗಿ ತಿಂಗಳ ಮೇಲೆ ಮತ್ತೆ ಮೀನಿನ ಚೀಲ ಹಿಡಿದು ಬಂದರು. ನಾನು ಮನೆಯಲ್ಲೇ ಇದ್ದೆ. ಅಂಗಳಕ್ಕೆ ಕಾಲಿಟ್ಟವರು ರೂಢಿಯಂತೆ, "ಹ್ವಾಯ್, ಇದ್ರ್ಯಾ?" ಎಂದು ಕೂಗಿ, ತಕ್ಷಣ ನಾಲಗೆ ಕಚ್ಚಿಕೊಂಡರು.

"ಇದ್ರ್, ಬನಿ, ಕೂಕಣಿ," ಎಂದಳು ಅಮ್ಮ ಒಳಗಿನಿಂದ.

ಎರಡು ಲೋಟ ಕಾಫಿ ತಂದು, ಒಂದನ್ನು ಅವರ ಮುಂದೆ, ಇನ್ನೊಂದನ್ನು ಅಪ್ಪಯ್ಯನ ಕುರ್ಚಿಯ ಮುಂದೆ ಇಟ್ಟಳು. ತಿಂಗಳಿಂದ ಹಾಗೇ ನಡೆಯುತ್ತಿತ್ತು. ಇಡಬೇಡ ಎನ್ನಲು ನನಗೆ ಧೈರ್ಯ ಬಂದಿರಲಿಲ್ಲ. ದೋಣಿಯವರು ಆ ಲೋಟವನ್ನು ನೋಡಿದರು.

"ಅಕ್ಕಾ, ಇದ್ದಿರ್ ಅನ್ಕ್," ಎಂದರು. "ಹೇಳಿರೆ ಎಂತದೂ ಆತಿಲ್ಲೆ. ನಾನ್ ಹೇಳಿ ಕಂಡಿದೆ. ಊಟ ಸೇರತ್ತ್, ನಿದ್ರಿಯೂ ಬತ್ತ್."

"ನಾಳಿ ಹೇಳ್ತೆ," ಎಂದಳು ಅಮ್ಮ. "ಇವತ್ತ್ ಎಂತ ಮೀನ್ ತಂದ್ರಿ?"

"ಬಂಗ್ಡಿ."

ಅಮ್ಮ ಚೀಲದೊಳಗೆ ಇಣುಕಿ ನೋಡಿದಳು. "ಅವ್ರಿಗೆ ಬಂಗ್ಡಿ ಅಂದ್ರೆ ಜೀವ ಇದ್ದಿತ್," ಎಂದಳು.

ಅಂದ ಮೇಲೆ ಅದು ಅವಳಿಗೇ ಕೇಳಿಸಿತು. ಚೀಲದ ಬಾಯಿ ಮಡಚಿದಳು. ಆಮೇಲೆ ಮೀನು ಕೊಯ್ಯಲು ಒಳಗೆ ಹೋದಳು. ದೋಣಿಯವರು ತಮ್ಮ ಕಾಫಿ ಮುಗಿಸಿ, ಎರಡನೇ ಲೋಟವನ್ನೂ ಎತ್ತಿಕೊಂಡು ಕುಡಿದರು.